ಹಾಡು ಕುಡಿಯುವವಳು

ಕಾರ್ಮಿಲ್ಲಾ ತನ್ನ ಗುಟ್ಟನ್ನೆಲ್ಲ ಹಾಡಿ ಹೇಳಿದ ಸಂಜೆ ಕೋಣೆಯಲ್ಲಿದ್ದ ಹದಿನೆಂಟು ಜನರಲ್ಲಿ ಒಬ್ಬರಿಗೂ ಹೆದರಿಕೆಯಾಗಲಿಲ್ಲ. ಹಾಡೇನೂ ಕೆಟ್ಟದಾಗಿರಲಿಲ್ಲ. ಐದೂವರೆ ನಿಮಿಷದ ಹಾಡು. ಮಂದ್ರದಲ್ಲಿ ಶುರುವಾಗಿ ತಾರಕ್ಕೇರಿ ಮುಗಿಯುವ ಹೊತ್ತಿಗೆ ಇಬ್ಬರು ಮೂವರು ಕಣ್ಣೊರೆಸಿಕೊಂಡರು. ಚಪ್ಪಾಳೆಯೂ ಬಿತ್ತು. ಪಿಯಾನೋ ಮುಂದೆ ಕೂತಿದ್ದ ಸಂಯೋಜಕಿ ಸದ್ದು ನಿಲ್ಲುವವರೆಗೆ ಕಾದು ನನ್ನ ಕಡೆ ತಿರುಗಿದರು.

"ಪಾಪ ಅನ್ನಿಸ್ತು ಅವಳನ್ನ ನೋಡಿ. ಭಯ ಆಗ್ಲಿಲ್ಲ, ಅಲ್ವಾ?"

ರಕ್ತ ಹೀರುವ ಪಿಶಾಚಿ ಕಾರ್ಮಿಲ್ಲಾಳ ಕಥೆಯನ್ನು ಹನ್ನೊಂದು ತಿಂಗಳು ನಾನು ಬರೆದು, ಅವರು ಸ್ವರ ಹಾಕಿ ಕಟ್ಟಿದ್ದ ಒಪೆರಾಕ್ಕೆ, ಮಾತೆಲ್ಲ ಹಾಡಾಗಿರುವ ನಾಟಕಕ್ಕೆ, ಆ ಹಾಡೇ ನಡುಗಂಬ. ಅದನ್ನು ಕಿತ್ತರೆ ಚಾವಣಿ ಯಾವುದರ ಮೇಲೆ ನಿಲ್ಲುತ್ತದೆ ಎಂಬುದು ಅವತ್ತು ಇಬ್ಬರಿಗೂ ಗೊತ್ತಿರಲಿಲ್ಲ.

ಕೆಲಸ ಶುರುವಾಗಿದ್ದು ಈ ಕಥೆಯಿಂದಲೂ ಅಲ್ಲ. ಮೊದಲು ನಾನು ಮನಸ್ಸಿಟ್ಟಿದ್ದು ಬದುಕಿರುವ ಲೇಖಕರೊಬ್ಬರ ಕಾದಂಬರಿಯ ಮೇಲೆ. ರಂಗಭೂಮಿಯ ಹಕ್ಕು ಕೇಳಿ ಬರೆದ ಪತ್ರಕ್ಕೆ ಎಂಟು ತಿಂಗಳ ಮೇಲೆ ಎರಡು ಸಾಲಿನ ಉತ್ತರ ಬಂತು. ಸಿನಿಮಾ ಮಾಡುವವರು ಹಕ್ಕು ಕೊಳ್ಳುವಾಗ ರಂಗದ ಹಕ್ಕನ್ನೂ ಸೇರಿಸಿ ಕಟ್ಟಿಹಾಕಿದ್ದರಂತೆ. ಅಷ್ಟರಲ್ಲಿ ನಾನು ಮೂರು ದೃಶ್ಯ ಬರೆದು ಮುಗಿಸಿದ್ದೆ. ಅವು ಇವತ್ತಿಗೂ ಪೆಟ್ಟಿಗೆಯಲ್ಲೇ ಇವೆ. ಈ ದಾರಿಗೆ ಬರುವವರಿಗೆ ನನ್ನ ಮೊದಲ ಮಾತು ಇದು: ಹಕ್ಕಿನ ಕಾಗದ ಕೈಗೆ ಬರುವವರೆಗೆ ಪಾತ್ರಗಳನ್ನು ಪ್ರೀತಿಸಬೇಡಿ. ಬ್ರಾಮ್ ಸ್ಟೋಕರ್ ಈ ವಿಷಯದಲ್ಲಿ ಎಷ್ಟು ಎಚ್ಚರದ ಮನುಷ್ಯ ಎಂದರೆ, 1897ರ ಮೇ 18ರಂದು, 'ಡ್ರಾಕುಲಾ' ಪುಸ್ತಕ ಅಂಗಡಿಗೆ ಬರುವ ಮೊದಲೇ, ತಾನು ವ್ಯವಸ್ಥಾಪಕನಾಗಿದ್ದ ಲಂಡನ್ನಿನ ಲೈಸಿಯಂ ರಂಗಮಂದಿರದಲ್ಲಿ ಅದನ್ನು ನಾಟಕದಂತೆ ಓದಿಸಿದ. ಕಲೆಯ ಹಂಬಲಕ್ಕಿಂತ ರಂಗದ ಹಕ್ಕು ತನ್ನ ಕೈಯಲ್ಲೇ ಉಳಿಯಲಿ ಎಂಬುದು ಆ ಓದಿನ ಉದ್ದೇಶವಾಗಿತ್ತು.

ಹಾಗಾಗಿ ಹಕ್ಕಿನ ಗೊಡವೆಯೇ ಇಲ್ಲದ ಕಥೆಗೆ ಹೋದೆ. ಐರ್ಲೆಂಡಿನ ಶೆರಿಡನ್ ಲೆ ಫಾನು 'ಕಾರ್ಮಿಲ್ಲಾ'ವನ್ನು 1871–72ರಲ್ಲಿ ಪತ್ರಿಕೆಯೊಂದಕ್ಕೆ ಕಂತುಗಳಲ್ಲಿ ಬರೆದರು. 'ಡ್ರಾಕುಲಾ' ಬರುವುದಕ್ಕೆ 25 ವರ್ಷ ಮೊದಲು. ಆಸ್ಟ್ರಿಯಾದ ಸ್ಟಿರಿಯಾ ಪ್ರಾಂತ್ಯದ ಕಾಡಿನ ನಡುವಿನ ಕೋಟೆಮನೆ, ಅಲ್ಲಿ ತಂದೆಯ ಜೊತೆ ಒಂಟಿಯಾಗಿ ಬೆಳೆಯುವ ಲಾರಾ, ಗಾಡಿಯೊಂದು ಮಗುಚಿಬಿದ್ದು ಆ ಮನೆಗೆ ಅತಿಥಿಯಾಗಿ ಬರುವ ಕಾರ್ಮಿಲ್ಲಾ. ಆಮೇಲೆ ಸುತ್ತಲಿನ ಹಳ್ಳಿಗಳಲ್ಲಿ ಹುಡುಗಿಯರು ಒಬ್ಬೊಬ್ಬರಾಗಿ ಸೊರಗಿ ಸಾಯುತ್ತಾರೆ. ಲಾರಾಳೂ ಸೊರಗುತ್ತಾಳೆ. ಅವಳಿಗೆ ಕಾರ್ಮಿಲ್ಲಾ ಎಂದರೆ ಪ್ರೀತಿ, ಜೊತೆಗೆ ಅಸಹ್ಯ. ಎರಡೂ ಒಟ್ಟಿಗೆ. ನನ್ನನ್ನು ಹಿಡಿದದ್ದು ಈ 'ಒಟ್ಟಿಗೆ' ಎಂಬುದೇ. ಗದ್ಯದಲ್ಲಿ ಎರಡು ಭಾವವನ್ನು ಒಂದಾದ ಮೇಲೊಂದು ಹೇಳಬೇಕು. ಸಂಗೀತದಲ್ಲಿ ಕಂಠ ಒಂದನ್ನು ಹೇಳುವಾಗಲೇ ವಾದ್ಯ ಇನ್ನೊಂದನ್ನು ಹೇಳಬಲ್ಲದು. ಭಯದ ಕಾದಂಬರಿಗಳು ಹಾಡಿಗೆ ಒಗ್ಗುವುದು ಭಯಕ್ಕಾಗಿ ಅಲ್ಲ, ಅವುಗಳ ಒಳಗಿರುವ ಆಸೆಗಾಗಿ ಎಂದು ನಾನು ಈಗಲೂ ನಂಬಿದ್ದೇನೆ. ಫ್ರಾನ್ಸಿನ ಗಾಸ್ಟನ್ ಲೆರೂ ಬರೆದ 'ದಿ ಫ್ಯಾಂಟಮ್ ಆಫ್ ದಿ ಒಪೆರಾ' ಕಾದಂಬರಿ ಸಂಯೋಜಕ ಆಂಡ್ರೂ ಲಾಯ್ಡ್ ವೆಬ್ಬರ್ ಕೈಯಲ್ಲಿ ಮ್ಯೂಸಿಕಲ್, ಅಂದರೆ ಹಾಡು-ಮಾತು ಬೆರೆತ ನಾಟಕ, ಆಗಿ ನ್ಯೂಯಾರ್ಕಿನ ಬ್ರಾಡ್‌ವೇ ಒಂದರಲ್ಲೇ 1988ರಿಂದ 2023ರವರೆಗೆ 13,981 ಪ್ರದರ್ಶನ ಕಂಡಿತು. ಅಷ್ಟು ಜನ ಬರೀ ಬೆಚ್ಚಿಬೀಳಲು ಬಂದಿರಲಾರರು.

ಇಂಗ್ಲಿಷಿನಲ್ಲಿ ಸುಮಾರು 27,000 ಪದಗಳ ಕಿರುಕಾದಂಬರಿ ಅದು. ಸಣ್ಣದು ಎಂದುಕೊಂಡೆ. ಮೊದಲ ದೃಶ್ಯ ಕನ್ನಡದಲ್ಲಿ ಬರೆದು ಕೊಟ್ಟಾಗ ಸಂಯೋಜಕಿ ಗಡಿಯಾರ ಮುಂದಿಟ್ಟುಕೊಂಡು ಹಾಡಿ ತೋರಿಸಿದರು. ನಾನು ನಾಲ್ಕು ನಿಮಿಷದಲ್ಲಿ ಓದುತ್ತಿದ್ದುದಕ್ಕೆ ಹದಿಮೂರು ನಿಮಿಷ ಹಿಡಿಯಿತು. ಆ ಲೆಕ್ಕದಲ್ಲಿ ಇಡೀ ಕಥೆ ಬೆಳಗಿನ ಜಾವಕ್ಕೆ ಮುಗಿಯುತ್ತಿತ್ತು. ಕತ್ತರಿ ಹಿಡಿದೆ. ಕಾಡಿನ ವರ್ಣನೆ, ಹೊಂಡದ ಮೇಲಿನ ಮಂಜು, ಬೆಳದಿಂಗಳು ಎಲ್ಲ ನನಗೆ ಪ್ರಿಯವಾದವು. ಆದರೆ ಅವರು ಅದನ್ನೇ ವಾದ್ಯಗಳಿಗೂ ಬರೆಯುತ್ತಿದ್ದರು. "ಒಂದೇ ಚಂದ್ರನನ್ನ ಇಬ್ಬರೂ ಬರೆಯೋದು ಬೇಡ. ನನಗೆ ಬಿಡಿ," ಎಂದರು. ಬಿಟ್ಟೆ. ಕೊನೆಗೆ ಉಳಿದದ್ದು ನಾಲ್ಕು ಸಾವಿರ ಪದಗಳ ಪಠ್ಯ, ಎರಡು ಅಂಕ.

ತಲೆನೋವಾಗಿದ್ದು ಜನರಲ್ ಸ್ಪೀಲ್ಸ್‌ಡಾರ್ಫ್. ಅವನ ಮನೆಯ ಹುಡುಗಿ ಬರ್ತಾಳನ್ನು ಇದೇ ಕಾರ್ಮಿಲ್ಲಾ 'ಮಿಲ್ಲಾರ್ಕಾ' ಎಂಬ ಹೆಸರಿನಲ್ಲಿ ಬಂದು ಕೊಂದಿರುತ್ತಾಳೆ. ಕಾದಂಬರಿಯಲ್ಲಿ ಅವನು ಈ ಕಥೆಯನ್ನು ಕೊನೆಯ ಭಾಗದಲ್ಲಿ ಅಧ್ಯಾಯಗಟ್ಟಲೆ ಹೇಳುತ್ತಾನೆ. ಓದುವಾಗ ಸೊಗಸು. ರಂಗದ ಮೇಲೆ ಮುದುಕನೊಬ್ಬ ನಿಂತು ನಡೆದುಹೋದದ್ದನ್ನು ಇಪ್ಪತ್ತು ನಿಮಿಷ ಹಾಡಿದರೆ ಅದುವರೆಗೆ ಕಟ್ಟಿದ್ದೆಲ್ಲ ಸೋರಿಹೋಗುತ್ತದೆ. ಅವನ ಕಥೆಯಲ್ಲಿ ಮಿಲ್ಲಾರ್ಕಾ ಮೊದಲು ಎದುರಾಗುವ ಮುಖವಾಡದ ನೃತ್ಯಕೂಟವನ್ನು ಎತ್ತಿ ನಾಟಕದ ಮೊದಲಿಗೇ ಇಟ್ಟೆವು. ಗುಟ್ಟು ಆಗಲೇ ಬಯಲಾಗುವುದಿಲ್ಲವೇ ಎಂದು ನಿರ್ದೇಶಕರು ಕೇಳಿದರು. ಬಯಲಾಗಲಿ ಎಂದೆ. ಈಗ ಈ ಕಥೆಗೆ ಬಂದು ಕೂರುವ ಯಾರಿಗೂ ಅವಳು ಯಾರೆಂಬುದು ಗುಟ್ಟಲ್ಲ. ಪ್ರೇಕ್ಷಕರಿಗೆ ಗೊತ್ತಿದೆ, ಲಾರಾಳಿಗೆ ಗೊತ್ತಿಲ್ಲ. ಆ ಅಂತರದಲ್ಲೇ ನಾವು ಕೆಲಸ ಮಾಡಬೇಕಾಗಿತ್ತು.

ಕನ್ನಡದಲ್ಲಿ ಬರೆಯುವಾಗ ಮೂರು ವಿಷಯ ಎದುರಾದವು.

ಮೊದಲನೆಯದು ಕಂಠದ್ದು. ನಮ್ಮ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ, ಹಾಡುವವರಿಗೆ ಅದು ವರ. ಆದರೆ ಬಂತು, ಹೋಯಿತು, ಕಂಡು, ನೀನು ಎಂದು ಎಷ್ಟೊಂದು ಪದಗಳು 'ಉ'ಕಾರಕ್ಕೆ ಬಂದು ತುಟಿ ಮುಚ್ಚಿಕೊಳ್ಳುತ್ತವೆ! ತಾರದಲ್ಲಿ ಎಂಟು ಎಣಿಕೆ 'ಉ' ಹಿಡಿದು ನಿಲ್ಲಿ ಎಂದರೆ ಗಾಯಕಿಯ ಗಂಟಲಿಗೆ ಹಿಂಸೆ. ಸಾಲುಗಳನ್ನು ತಿರುಗಿಸಿ ತಿರುಗಿಸಿ, ಎತ್ತರದ ಜಾಗಕ್ಕೆ 'ಬಾ', 'ಆಹಾ', 'ಅಮ್ಮಾ' ಎಂಬ ಬಾಯ್ದೆರೆದ ಪದಗಳನ್ನು ತಂದು ಕೂರಿಸಲು ಎರಡು ತಿಂಗಳು ಬೇಕಾಯಿತು.

ಎರಡನೆಯದು ಕಾರ್ಮಿಲ್ಲಾ ಲಾರಾಳನ್ನು ಯಾವಾಗ 'ನೀವು' ಎನ್ನುವುದು ಬಿಟ್ಟು 'ನೀನು' ಎನ್ನುತ್ತಾಳೆ? ಮೂಲದಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ನಮ್ಮಲ್ಲಿ ಆ ಒಂದು ಅಕ್ಷರ ಬದಲಾದರೆ ಬಾಗಿಲೊಂದು ತೆರೆದ ಹಾಗೆ. ಬಂದ ರಾತ್ರಿಯೇ 'ನೀನು' ಎನ್ನಿಸಿದ್ದೆ, ಅಗ್ಗವಾಯಿತು. ಕೊನೆಗೆ ಮೊದಲ ಅಂಕದ ಮುಕ್ಕಾಲು ಭಾಗ 'ನೀವು' ಎಂದೇ ಇಟ್ಟು, ಲಾರಾ ನಿದ್ದೆಹೋದ ಮೇಲೆ, ಅವಳಿಗೆ ಕೇಳದ ಹಾಗೆ ಮೊದಲ 'ನೀನು' ಬರುವಂತೆ ಮಾಡಿದೆ. ಇಡೀ ಪಠ್ಯದಲ್ಲಿ ನನಗೆ ಪೂರ್ತಿ ಸಮಾಧಾನ ಕೊಟ್ಟ ಜಾಗ ಅದು.

ಮೂರನೆಯದು ಹೆಸರು. ಕಾರ್ಮಿಲ್ಲಾ, ಮಿಲ್ಲಾರ್ಕಾ, ಮಿರ್ಕಲ್ಲಾ: ಒಂದೇ ಅಕ್ಷರಗಳನ್ನು ಹಿಂದುಮುಂದು ಮಾಡಿದ ಹೆಸರುಗಳು. ರೋಮನ್ ಲಿಪಿಯಲ್ಲಿ ಕಣ್ಣಿಗೆ ಕಾಣುತ್ತದೆ. ಕಾಗುಣಿತ, ಒತ್ತಕ್ಷರಗಳ ನಮ್ಮ ಬರಹದಲ್ಲಿ ಅದು ಕಣ್ಣಿಗೆ ಹೊಳೆಯುವುದಿಲ್ಲ, ಹಾಡಿದಾಗ ಕಿವಿಗಂತೂ ಸಿಕ್ಕುವುದೇ ಇಲ್ಲ. ನಾನು ಕೈಚೆಲ್ಲಿದೆ. ಸಂಯೋಜಕಿ ಅದನ್ನು ಎತ್ತಿಕೊಂಡರು. ಮೂರು ಹೆಸರಿಗೂ ಅವೇ ಐದು ಸ್ವರಗಳು, ಕ್ರಮ ಮಾತ್ರ ಬೇರೆ. ಕೋಟೆಯ ಹಳೆಯ ಚಿತ್ರಪಟದ ಮೇಲೆ 1698 ಎಂಬ ಇಸವಿಯ ಜೊತೆಗೆ ಮಿರ್ಕಲ್ಲಾ ಎಂಬ ಹೆಸರು ಕಾಣಿಸಿಕೊಳ್ಳುವಾಗ ಆ ಐದು ಸ್ವರಗಳು ಮೂರನೇ ಸಲ ಕ್ರಮ ಬದಲಿಸುತ್ತವೆ. ಲೆಕ್ಕ ತಿಳಿಯದವರಿಗೂ ಏನೋ ಪರಿಚಯದ್ದು ಬಂತು ಎನ್ನಿಸುತ್ತದೆ.

ಇಷ್ಟೆಲ್ಲ ಆದಮೇಲೆ ಬಂದದ್ದೇ ಆ ಹದಿನೆಂಟು ಜನರ ಸಂಜೆ.

ಮರುವಾರದಿಂದ ನಾನು ಹಿಂದಿನವರು ಏನು ಮಾಡಿದ್ದಾರೆಂದು ಹೊಸದಾಗಿ ನೋಡತೊಡಗಿದೆ. ಈ ಸಲ ಒಂದೇ ಪ್ರಶ್ನೆ ಇಟ್ಟುಕೊಂಡೆ: ಹೆದರಿಸುವ ಪಾತ್ರಕ್ಕೆ ಕಂಠ ಕೊಟ್ಟರೋ, ಇಲ್ಲವೋ? ಹೆನ್ರಿ ಜೇಮ್ಸ್ 1898ರಲ್ಲಿ ಬರೆದ 'ದಿ ಟರ್ನ್ ಆಫ್ ದಿ ಸ್ಕ್ರೂ' ಕಥೆಯಲ್ಲಿ ದೆವ್ವಗಳು ತುಟಿ ಬಿಚ್ಚುವುದಿಲ್ಲ, ಇವೆಯೋ ಇಲ್ಲವೋ ಎಂಬುದೇ ಅನುಮಾನ. ಬೆಂಜಮಿನ್ ಬ್ರಿಟನ್ ಅದನ್ನು ಒಪೆರಾ ಮಾಡಿ 1954ರಲ್ಲಿ ವೆನಿಸ್‌ನಲ್ಲಿ ಆಡಿಸಿದಾಗ, ಪಠ್ಯ ಬರೆದ ಮಿಫಾನ್ವಿ ಪೈಪರ್ ಎರಡೂ ದೆವ್ವಗಳಿಗೆ ಮಾತು ಕೊಟ್ಟರು. ಅನುಮಾನ ಅರ್ಧ ಹೋಯಿತು, ನಿಜ. ಆದರೆ ಕತ್ತಲಿನಿಂದ ಕ್ವಿಂಟ್ ಎಂಬ ದೆವ್ವ ಆ ಮನೆಯ ಹುಡುಗನ ಹೆಸರನ್ನು ಬಳುಕಿಸಿ ಬಳುಕಿಸಿ ಕರೆಯುವುದಿದೆಯಲ್ಲ, ಅಲ್ಲಿ ಅರ್ಥವಿರುವುದು ಒಂದು ಹೆಸರಿಗೆ ಮಾತ್ರ. ಉಳಿದದ್ದೆಲ್ಲ ಬರೀ ಸೆಳೆತ. ಹದಿಮೂರೇ ವಾದ್ಯಗಾರರು. ಅಷ್ಟು ಕಡಿಮೆ ಜನ ಇರುವುದರಿಂದ ಒಂದೊಂದು ವಾದ್ಯವೂ ಕಿವಿಯ ಪಕ್ಕದಲ್ಲೇ ಉಸಿರಾಡುತ್ತದೆ. ಸಂಯೋಜಕ ಫಿಲಿಪ್ ಗ್ಲಾಸ್ 1988ರಲ್ಲಿ ಎಡ್ಗರ್ ಅಲನ್ ಪೋ ಕಥೆಯ ಅಷರ್ ಮನೆತನದ ಪತನವನ್ನು ಒಪೆರಾ ಮಾಡಿದಾಗ, ಆ ಮನೆಯ ಮಗಳು ಮ್ಯಾಡೆಲಿನ್‌ಗೆ ಪದಗಳನ್ನೇ ಕೊಡಲಿಲ್ಲ, ಕಂಠ ಮಾತ್ರ.

ನನಗೆ ದಾರಿ ತೋರಿಸಿದ್ದು ಎಲ್ಲಕ್ಕಿಂತ ಹಳೆಯದು. ಮೇರಿ ಶೆಲ್ಲಿಯವರ 'ಫ್ರಾಂಕನ್‌ಸ್ಟೈನ್' 1818ರದ್ದು. ಅದರಲ್ಲಿ ಫ್ರಾಂಕನ್‌ಸ್ಟೈನ್ ಸೃಷ್ಟಿಸಿದ ಜೀವಿ ಪುಟಗಟ್ಟಲೆ ಮಾತಾಡುತ್ತದೆ, ವಾದ ಹೂಡುತ್ತದೆ. 1823ರಲ್ಲಿ ಅದನ್ನು ಹಾಡುಗಳಿರುವ ನಾಟಕವಾಗಿ ಲಂಡನ್ನಿನ ಇಂಗ್ಲಿಷ್ ಒಪೆರಾ ಹೌಸ್‌ಗೆ ತಂದ ರಿಚರ್ಡ್ ಬ್ರಿನ್ಸ್‌ಲಿ ಪೀಕ್ ಅದನ್ನು ಮೂಕವಾಗಿಸಿಬಿಟ್ಟರು. ಪಾತ್ರಪಟ್ಟಿಯಲ್ಲೂ ಅದಕ್ಕೆ ಹೆಸರಿಲ್ಲ, ಬರೀ ಗೆರೆ. ಸುತ್ತ ಎಲ್ಲರೂ ಹಾಡುತ್ತಾರೆ, ಅದು ಹಾಡುವುದಿಲ್ಲ. ಆ ಆಗಸ್ಟಿನಲ್ಲಿ ಶೆಲ್ಲಿ ಸ್ವತಃ ಹೋಗಿ ನೋಡಿದರು. ಆ ಪಾತ್ರ ಮಾಡಿದ ಟಿ. ಪಿ. ಕುಕ್ ಕಿವಿಗೆ ಬಿದ್ದ ಸದ್ದುಗಳನ್ನು ಕೈಚಾಚಿ ಹಿಡಿಯಲು ಹೋಗುತ್ತಿದ್ದುದನ್ನು ಮೆಚ್ಚಿ ಗೆಳೆಯನಿಗೆ ಪತ್ರ ಬರೆದರು.

ಸದ್ದನ್ನು ಕೈಯಿಂದ ಹಿಡಿಯಲು ಹೋಗುವುದು! ಆ ಸಾಲು ಓದಿದ ದಿನ ನನಗೆ ಇನ್ನೇನೂ ಓದಲಾಗಲಿಲ್ಲ.

ಕಾದಂಬರಿಯಲ್ಲಿ ಒಂದು ದೃಶ್ಯವಿದೆ. ಕಾಡು ಕಾಯುವವನ ಮಗಳ ಶವಯಾತ್ರೆ ಹಾದುಹೋಗುತ್ತದೆ. ಜನ ಹಾಡುತ್ತಿರುವ ದೇವರ ಹಾಡಿಗೆ ಲಾರಾ ಎದ್ದು ದನಿಗೂಡಿಸುತ್ತಾಳೆ. ಕಾರ್ಮಿಲ್ಲಾ ಅವಳನ್ನು ಒರಟಾಗಿ ಅಲುಗಾಡಿಸಿ, ಎಷ್ಟು ಅಪಸ್ವರ, ನಿನಗೆ ಕೇಳಿಸುತ್ತಿಲ್ಲವೇ ಎಂದು ಕಿವಿ ಮುಚ್ಚಿಕೊಳ್ಳುತ್ತಾಳೆ. ಹತ್ತಾರು ಸಲ ಓದಿದ್ದೆ, ಹೊಳೆದಿರಲಿಲ್ಲ. ಒಪೆರಾದ ಪಾತ್ರಗಳಿಗೆ ತಾವು ಹಾಡುತ್ತಿದ್ದೇವೆ ಎಂಬುದು ಗೊತ್ತಿರುವುದಿಲ್ಲ. ನಮಗೆ ಹಾಡು, ಅವರಿಗೆ ಅದು ಮಾತು. ಹಾಗಾದರೆ ಇವಳೊಬ್ಬಳಿಗೆ ಮಾತ್ರ ಎಲ್ಲರೂ ಹಾಡುತ್ತಿರುವುದು ಕೇಳಿಸುತ್ತಿದ್ದರೆ? ಕೇಳಿಸುವುದಷ್ಟೇ ಅಲ್ಲ, ಅವಳಿಗೆ ಬೇಕಾಗಿರುವುದೂ ಅದೇ ಆಗಿದ್ದರೆ?

ಸಂಯೋಜಕಿಗೆ ರಾತ್ರಿಯೇ ಫೋನ್ ಮಾಡಿದೆ. "ಅವಳಿಗೆ ಸ್ವಂತ ಹಾಡು ಬೇಡ. ಅವಳು ಲಾರಾಳ ಹಾಡು ಕುಡೀಲಿ," ಎಂದೆ. ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಒಂದೊಂದೇ ಸ್ವರ," ಎಂದರು.

ಐದೂವರೆ ನಿಮಿಷದ ಹಾಡು ಹೋಯಿತು. ಅದರ ಜಾಗಕ್ಕೆ ಬಂದ ಏರ್ಪಾಡು ಇಷ್ಟು. ಲಾರಾಳಿಗೆ ಒಂಬತ್ತು ಸ್ವರದ ಒಂದು ಧಾಟಿ, ಮಗು ಗುನುಗುವಂಥದ್ದು. ನೃತ್ಯಕೂಟದ ಬೆನ್ನಿಗೇ ಅವಳು ಅದನ್ನು ಇಡಿಯಾಗಿ ಹಾಡುತ್ತಾಳೆ. ಕಾರ್ಮಿಲ್ಲಾ ಬಂದವಳು ತನ್ನದೆಂದು ಏನನ್ನೂ ಹಾಡುವುದಿಲ್ಲ. ಲಾರಾಳ ಕೊನೆಯ ಎರಡು ಸ್ವರಗಳನ್ನು ಮೆಲ್ಲಗೆ ಎತ್ತಿಕೊಂಡು ಉತ್ತರ ಕೊಡುತ್ತಾಳೆ. ಮುಂದಿನ ಸಲ ಲಾರಾ ಹಾಡುವಾಗ ಆ ಎರಡರ ಜಾಗದಲ್ಲಿ ಬರೀ ಮೌನ. ಪದಗಳು ಇರುತ್ತವೆ, ಆ ಜಾಗದಲ್ಲಿ ತುಟಿ ಮಾತ್ರ ಆಡುತ್ತದೆ. ಎರಡನೇ ಅಂಕದ ಹೊತ್ತಿಗೆ ಲಾರಾಳಲ್ಲಿ ಉಳಿಯುವುದು ನಾಲ್ಕೇ ಸ್ವರ. ಕಾರ್ಮಿಲ್ಲಾ ಮಾತ್ರ ದೃಶ್ಯದಿಂದ ದೃಶ್ಯಕ್ಕೆ ತುಂಬಿಕೊಳ್ಳುತ್ತ, ಹೊಳೆಯುತ್ತ ಹೋಗುತ್ತಾಳೆ.

ಲಾರಾಳ ಪಾತ್ರ ಹಾಡಿದವರು ನನ್ನ ಮೇಲೆ ಸಿಟ್ಟಾಗಿದ್ದು ಒಂದೇ ಸಲ, ಈ ಮೌನಗಳಿಗಾಗಿ. ಹಾಡುವುದು ಕಷ್ಟವಲ್ಲ ಸರ್, ಹಾಡದೆ ಉಸಿರು ಹಿಡಿದು ನಿಲ್ಲುವುದು ಕಷ್ಟ ಎಂದರು. ಹೌದು. ಸ್ವರವಿರುವಲ್ಲಿ ಉಸಿರು ಹರಿದುಹೋಗುತ್ತದೆ. ಖಾಲಿ ಜಾಗದಲ್ಲಿ ಅದನ್ನು ಎದೆಯಲ್ಲಿ ಕಟ್ಟಿ ತಾಳ ಎಣಿಸುತ್ತಲೇ ಇರಬೇಕು. ಮೂರು ವಾರ ಅವರು ಓಡಾಡುವಾಗಲೂ ಬೆರಳಲ್ಲಿ ಆ ಖಾಲಿ ಜಾಗಗಳನ್ನು ಎಣಿಸುತ್ತಿದ್ದರು.

ಕಣ್ಣಿಗೆ ತೋರಿಸುವ ವಿಷಯದಲ್ಲಿ ನಾವು ಸೋತದ್ದೇ ಹೆಚ್ಚು. ರಾತ್ರಿ ಲಾರಾಳ ಹಾಸಿಗೆಯ ಸುತ್ತ ಸುಳಿಯುವ, ನಾಲ್ಕೈದು ಅಡಿ ಉದ್ದದ, ಮಸಿಗಪ್ಪು ಬೆಕ್ಕಿನಂಥ ಪ್ರಾಣಿಗೆ ಗೊಂಬೆ ಮಾಡಿಸಿದೆವು. ತಾಲೀಮಿನಲ್ಲಿ ಅದು ಮಂಚ ಹತ್ತಿದ ಕೂಡಲೇ ನೋಡುತ್ತಿದ್ದವರು ನಕ್ಕರು. ಹೆದರಿಸುವ ದೃಶ್ಯದಲ್ಲಿ ಬಿದ್ದ ಒಂದು ನಗುವನ್ನು ಮತ್ತೆ ಒರೆಸಲು ಅರ್ಧ ಗಂಟೆಯ ಸಂಗೀತ ಸಾಲದು. ಗೊಂಬೆ ತೆಗೆದೆವು. ಕಾದಂಬರಿ ಹೇಳುವುದು ಎದೆಗೆ ಎರಡು ಸೂಜಿ ಚುಚ್ಚಿದ ಹಾಗಾಯಿತು ಎಂದು. ಆ ಎರಡು ಸೂಜಿಗೆ ಡಬಲ್ ಬಾಸ್ ಎಂಬ ದೊಡ್ಡ ಮಂದ್ರ ತಂತಿವಾದ್ಯದ ತಂತಿಯನ್ನು ಎರಡು ಸಲ ಬೆರಳಿಂದ ಮೀಟಿದರು. ಮೀಟಿದ್ದು ಕಾರ್ಮಿಲ್ಲಾ ಮೊದಲು ಕದ್ದ ಅವೇ ಎರಡು ಸ್ವರ. ದೀಪ ಆರಿರುತ್ತದೆ. ಅಷ್ಟೇ ಸಾಕಾಯಿತು.

ರಕ್ತದ್ದೂ ಅದೇ ಪಾಡು. ಕೊನೆಗೆ ಸಮಾಧಿ ತೆರೆದಾಗ ಸೀಸದ ಪೆಟ್ಟಿಗೆಯಲ್ಲಿ ಏಳು ಅಂಗುಲ ಆಳದ ರಕ್ತದಲ್ಲಿ ಅವಳು ಮುಳುಗಿ ಮಲಗಿರುತ್ತಾಳೆ. ಬಣ್ಣದ ನೀರು ತುಂಬಿಸಿ ನೋಡಿದೆವು. ಮೈಕು ಒದ್ದೆಯಾಯಿತು, ನೆಲ ಜಾರಿತು, ಉಡುಪು ಒಣಗಲಿಲ್ಲ, ಎಲ್ಲಕ್ಕಿಂತ ಮಿಗಿಲಾಗಿ ಅದು ಬಣ್ಣದ ನೀರಿನಂತೆಯೇ ಕಂಡಿತು. ಸ್ಟೀಫನ್ ಕಿಂಗ್ ಅವರ ಭಯದ ಕಾದಂಬರಿ 'ಕ್ಯಾರಿ' 1988ರಲ್ಲಿ ಮ್ಯೂಸಿಕಲ್ ಆಗಿ ಬ್ರಾಡ್‌ವೇಗೆ ಬಂದು ಉದ್ಘಾಟನೆಯ ನಂತರ ಐದೇ ಪ್ರದರ್ಶನಕ್ಕೆ ನಿಂತುಹೋದದ್ದು ಆ ದಿನಗಳಲ್ಲಿ ನನ್ನ ನಿದ್ದೆ ಕೆಡಿಸುತ್ತಿತ್ತು. ಅಲ್ಲಿಯೂ ರಕ್ತದ ದೃಶ್ಯಕ್ಕೇ ಕಥೆ ಹರಿದು ಬಂದು ಸೇರಬೇಕು, ಅದನ್ನು ಬಿಟ್ಟು ಹೋಗುವ ಹಾಗಿಲ್ಲ. ನಮಗೆ ಬಿಡುವ ಅನುಕೂಲವಿತ್ತು. ಪೆಟ್ಟಿಗೆಯ ಒಳಗನ್ನು ಪ್ರೇಕ್ಷಕರಿಗೆ ತೋರಿಸಲೇ ಇಲ್ಲ. ನಮ್ಮ ಮೇಳದಲ್ಲಿ ಇದ್ದದ್ದು ಒಂಬತ್ತು ವಾದ್ಯಗಾರರು. ಮುಚ್ಚಳ ತೆರೆದಾಗ ಲಾರಾಳ ಧಾಟಿಯ ಒಂಬತ್ತು ಸ್ವರಗಳನ್ನು ಒಬ್ಬೊಬ್ಬರು ಒಂದೊಂದಾಗಿ ಹಿಡಿದು, ಒಟ್ಟಿಗೆ, ನಿಲ್ಲಿಸದೆ ನುಡಿಸುತ್ತಾರೆ. ಕುಡಿದದ್ದೆಲ್ಲ ಅಲ್ಲಿದೆ. ಅವಳ ಎದೆಗೆ ಗೂಟ ಇಳಿದ ಕ್ಷಣ ಕಾದಂಬರಿಯಲ್ಲಿ ಚೀತ್ಕಾರವಿದೆ. ನಮ್ಮಲ್ಲಿ ಆ ಒಂಬತ್ತು ಸ್ವರ ಥಟ್ಟನೆ ನಿಂತುಹೋಗುತ್ತವೆ.

ಗಾಯಕರೂ ವಾದ್ಯಗಾರರೂ ಮೊದಲ ಬಾರಿಗೆ ಒಟ್ಟಿಗೆ ಕೂತು ನುಡಿಸಿದ ದಿನ ಆ ನಿಲುಗಡೆ ಕೇಳಿ ನಾನು ಕೋಣೆಯಿಂದ ಹೊರಗೆ ಹೋಗಿ ನಿಂತೆ. ಪಿಯಾನೋದಲ್ಲಿ ಅದು ಬರೀ ಲೆಕ್ಕವಾಗಿ ಕೇಳಿಸುತ್ತಿತ್ತು. ಒಂಬತ್ತು ಜನರ ಉಸಿರು, ಬಿಲ್ಲು, ತೊಗಲು ಸೇರಿದಾಗ ಮೈಯ ಒಳಗಿನ ಸದ್ದಾಗಿತ್ತು.

ಕೊನೆಯ ಜಗಳ ಕದ್ದ ಸ್ವರಗಳ ಮೇಲೆ. ಅವಳು ಸತ್ತ ಮೇಲೆ ಲಾರಾಳಿಗೆ ಅವು ಮರಳಬೇಕೇ? ಸಂಯೋಜಕಿ ಮರಳಬೇಕು ಎಂದರು. ಎರಡು ಗಂಟೆ ಕಿತ್ತುಕೊಂಡು, ಕೊನೆಗೂ ಕೊಡದಿದ್ದರೆ ಕೇಳುವವರ ಕಿವಿ ಹಸಿದೇ ಮನೆಗೆ ಹೋಗುತ್ತದೆ ಎಂಬುದು ಅವರ ವಾದ. ಕಾದಂಬರಿಯಲ್ಲಿ ಲಾರಾ ಪೂರ್ತಿ ಗುಣವಾಗುವುದಿಲ್ಲ. ವರ್ಷಗಳಾದ ಮೇಲೂ ದಿವಾನಖಾನೆಯ ಬಾಗಿಲ ಬಳಿ ಕಾರ್ಮಿಲ್ಲಾಳ ಹಗುರ ಹೆಜ್ಜೆ ಕೇಳಿದಂತಾಗಿ ಬೆಚ್ಚುತ್ತಾಳೆ. ಲೆ ಫಾನು ಕಥೆ ನಿಲ್ಲಿಸುವುದೇ ಆ ಸದ್ದಿನ ಮೇಲೆ. ಕೊನೆಗೆ ಏಳು ಸ್ವರ ಮರಳಲಿ, ಎರಡು ಬೇಡ ಎಂದು ಒಪ್ಪಿದೆವು. ಆ ಎರಡರ ಜಾಗದಲ್ಲಿ ಎರಡು ಹೆಜ್ಜೆ.

ಮೊದಲು ಧ್ವನಿಮುದ್ರಿಸಿದ ಸದ್ದು ಹಾಕಿದೆವು. ಸ್ಪೀಕರಿನಿಂದ ಬಂದ ಹೆಜ್ಜೆ ಯಾರದೂ ಅಲ್ಲ. ಕಾರ್ಮಿಲ್ಲಾ ಪಾತ್ರಧಾರಿಯೇ ಪ್ರೇಕ್ಷಕರ ಬೆನ್ನ ಹಿಂದಿನ ಬಾಗಿಲಾಚೆ, ಬರಿಗಾಲಲ್ಲಿ ಮರದ ಹಲಗೆಯ ಮೇಲೆ ನಡೆಯತೊಡಗಿದರು. ಲಾರಾ ಏಳು ಸ್ವರ ಹಾಡುತ್ತಾಳೆ, ಎರಡು ಹೆಜ್ಜೆ ಕೇಳುತ್ತದೆ, ಅವಳು ಬಾಗಿಲ ಕಡೆ ತಿರುಗುತ್ತಾಳೆ, ಕತ್ತಲು. ಹಾಗೆಂದು ಬರೆದಿತ್ತು. ಮೂರನೇ ಪ್ರದರ್ಶನದ ರಾತ್ರಿ ಹೆಜ್ಜೆ ಒಂದು ಎಣಿಕೆ ತಡವಾಯಿತು. ಖಾಲಿ ಜಾಗಗಳನ್ನು ತಿಂಗಳುಗಟ್ಟಲೆ ಎಣಿಸಿದ್ದ ಲಾರಾ ಮಾತ್ರ ತನ್ನ ಲೆಕ್ಕಕ್ಕೆ ಸರಿಯಾಗಿ, ಯಾವ ಸದ್ದೂ ಇಲ್ಲದಿರುವಾಗಲೇ ತಿರುಗಿಬಿಟ್ಟಳು. ಆಮೇಲೆ ಹೆಜ್ಜೆ ಕೇಳಿಸಿತು.

ನಿರ್ದೇಶಕರು ಅವತ್ತೇ ಪ್ರತಿಯಲ್ಲಿ ಸಾಲು ಹೊಡೆದು ತಿದ್ದಿದರು: ಮೊದಲು ತಿರುಗುತ್ತಾಳೆ, ಆಮೇಲೆ ಹೆಜ್ಜೆ.